ಕ್ರೀಮಿನ ಡಬ್ಬಿಯ ಮೇಲಿನ ಇಂಗ್ಲಿಷ್ ಓದಲು ಕಲಿಯಿರಿ

'ಫೇರ್' ಎಂಬ ಇಂಗ್ಲಿಷ್ ಪದ ನಮ್ಮ ಭಾಗದವರಿಗೆ ಹೊಸದಲ್ಲ. ರೇಶನ್ ಅಂಗಡಿಯ ಫಲಕದ ಮೇಲೆ 'ಫೇರ್ ಪ್ರೈಸ್ ಶಾಪ್' ಎಂದು ಬರೆದಿರುತ್ತದೆ. ಅಲ್ಲಿ ಅದರ ಅರ್ಥ ನ್ಯಾಯವಾದದ್ದು. ಚಿಂಚಲಿ ಮಾಯಕ್ಕನ ಜಾತ್ರೆಯನ್ನು ಇಂಗ್ಲಿಷಿನಲ್ಲಿ ಬರೆಯುವಾಗಲೂ 'ಫೇರ್' ಎನ್ನುತ್ತಾರೆ. ಅಲ್ಲಿ ಅದು ಜಾತ್ರೆ. ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಯ ಮೇಲೆ ಅದೇ ಪದ ಬಂದರೆ ಅರ್ಥ ಬಿಳುಪು. ಈ ಮೂರನೆಯ ಅರ್ಥವನ್ನು ಯಾವ ಶಾಲೆಯಲ್ಲಿಯೂ ಕಲಿಸುವುದಿಲ್ಲ. ಆದರೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಯಾವ ಹಳ್ಳಿಗೆ ಹೋಗಿ ಕೇಳಿದರೂ ಅದು ಎಲ್ಲರಿಗೂ ಗೊತ್ತು. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಕ್ರೀಮು 2020ರಲ್ಲಿ ತನ್ನ ಹೆಸರನ್ನು 'ಗ್ಲೋ ಅಂಡ್ ಲವ್ಲಿ' ಎಂದು ಬದಲಿಸಿಕೊಂಡಿತು. ಹೆಸರು ಬದಲಾಯಿತು; ಮದುವೆಗೆ ಮುಂಚೆ ಮಗಳು ಸ್ವಲ್ಪ ಬೆಳ್ಳಗಾಗಲಿ ಎಂಬ ತಾಯಂದಿರ ಆಸೆ ಹಾಗೆಯೇ ಉಳಿದಿದೆ.

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಪದಗಳನ್ನು ಎಲ್ಲರೂ ಓದುತ್ತಾರೆ. ಅವು ಮಾರುವವರ ಪದಗಳು. ನಮ್ಮ ಚರ್ಮದ, ಕಣ್ಣಿನ, ಮೂತ್ರಪಿಂಡದ ಹಿತಕ್ಕೆ ಸಂಬಂಧಿಸಿದ ಪದಗಳು ಹಿಂಬದಿಯಲ್ಲಿ, ಇರುವೆಯ ಸಾಲಿನಂತೆ ಸಣ್ಣ ಅಕ್ಷರದಲ್ಲಿರುತ್ತವೆ. ಅವುಗಳನ್ನು ಓದಲು ಇಂಗ್ಲಿಷ್ ಪಂಡಿತರಾಗಬೇಕಿಲ್ಲ. ಇಪ್ಪತ್ತು ಮೂವತ್ತು ಪದಗಳ ಗುರುತು ಸಿಕ್ಕರೆ ಸಾಕು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಕೈಯಲ್ಲೊಂದು ಡಬ್ಬಿ ಹಿಡಿದು ಈ ವಾರದ ಪಾಠವನ್ನು ಓದಿರಿ.

ಯಾವ ಪದ, ಯಾವ ಕೆಲಸ

ಮೊದಲು ಸುಲಭವಾದ ಪದಗಳು. ಶೃಂಗಾರ ಸಾಧನಗಳಿಗೆಲ್ಲ ಸೇರಿ ಇಂಗ್ಲಿಷಿನಲ್ಲಿ 'ಕಾಸ್ಮೆಟಿಕ್ಸ್' ಎನ್ನುತ್ತಾರೆ. ಅವುಗಳಲ್ಲಿ ಬಣ್ಣಕ್ಕಾಗಿ ಹಚ್ಚಿ ರಾತ್ರಿ ತೊಳೆದು ಹಾಕುವವು 'ಮೇಕಪ್'. ಚರ್ಮವನ್ನು ತೊಳೆಯಲು, ಮೃದುವಾಗಿಡಲು ಬಳಸುವವು 'ಸ್ಕಿನ್ ಕೇರ್'.

'ಕ್ಲೆನ್ಸರ್' ಎಂದರೆ ಕೊಳೆ, ಜಿಡ್ಡು ತೆಗೆಯುವುದು. 'ಮಾಯಿಶ್ಚರೈಸರ್' ಎಂದರೆ ಚರ್ಮದ ತೇವ ಆರದಂತೆ ಕಾಯುವುದು; ಚಳಿಗಾಲದಲ್ಲಿ ನಾವು ಹಚ್ಚುವ ಕೊಬ್ಬರಿ ಎಣ್ಣೆಯ ಕೆಲಸವೂ ಇದೇ. 'ಸ್ಕ್ರಬ್' ಎಂದರೆ ಉಜ್ಜಿ ಸತ್ತ ಪದರು ತೆಗೆಯುವುದು. ಮೊಡವೆ ಇದ್ದವರು ಇದರಿಂದ ದೂರವಿರಬೇಕು. 'ಬ್ಲೀಚ್' ಎಂದರೆ ಮುಖದ ಸಣ್ಣ ಕೂದಲಿನ ಬಣ್ಣ ತೆಗೆಯುವುದು. ಇದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ, ಹಲವು ಬಾರಿ ಅಮೋನಿಯಾ ಕೂಡ ಸೇರಿರುತ್ತದೆ. ಆದ್ದರಿಂದ ಹಚ್ಚಿದಾಗ ಉರಿಯುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಸುಡುತ್ತದೆ.

ಮದುವೆಯ ಹಂಗಾಮಿನಲ್ಲಿ ಬ್ಯೂಟಿ ಪಾರ್ಲರುಗಳಲ್ಲಿ ಕೇಳಿಬರುವ ಪದಗಳು ಬೇರೆ. 'ಪ್ರೈಮರ್' ಎಂದರೆ ಮೊದಲ ಲೇಪ, ಗೋಡೆಗೆ ಬಣ್ಣ ಹೊಡೆಯುವ ಮುಂಚೆ ಹಚ್ಚುವ ಪ್ರೈಮರಿನಂತೆಯೇ. 'ಫೌಂಡೇಶನ್' ಎಂದರೆ ಇಡೀ ಮುಖಕ್ಕೆ ಒಂದೇ ಬಣ್ಣ ಬರಲು ಹಚ್ಚುವ ಲೇಪ. 'ಕನ್ಸೀಲರ್' ಕಲೆ ಮುಚ್ಚುವುದು. 'ಕಾಂಪ್ಯಾಕ್ಟ್' ಒತ್ತಿ ಗಟ್ಟಿ ಮಾಡಿದ ಪೌಡರು. 'ಬ್ಲಶ್' ಕೆನ್ನೆಯ ಕೆಂಪು. 'ಐಲೈನರ್' ರೆಪ್ಪೆಯ ಅಂಚಿಗೆ, 'ಮಸ್ಕಾರಾ' ರೆಪ್ಪೆಯ ಕೂದಲಿಗೆ. 'ವಾಟರ್‌ಪ್ರೂಫ್' ಎಂದರೆ ಬೆವರು, ಕಣ್ಣೀರಿಗೆ ಕರಗದ್ದು. ಅದು ಬರಿಯ ನೀರಿಗೆ ಹೋಗುವುದೂ ಇಲ್ಲ. ರಾತ್ರಿ ಎಣ್ಣೆ ಅಥವಾ ಕ್ಲೆನ್ಸರ್ ಹಾಕಿ ಒರೆಸಿ ಮಲಗಬೇಕು. ಮದುಮಗಳು ದಣಿದು ಹಾಗೆಯೇ ಮಲಗಿದರೆ ಕಣ್ಣು ಕೆಂಪಾಗುವುದು ಖಚಿತ.

ಒಂದು ಪದ ಮಾತ್ರ ನಮ್ಮ ದೇಶದಿಂದಲೇ ಇಂಗ್ಲಿಷಿಗೆ ಹೋದದ್ದು. ತಲೆ ತಿಕ್ಕುವುದಕ್ಕೆ ಹಿಂದಿಯಲ್ಲಿ ಹೇಳುವ 'ಚಾಂಪೋ', 'ಚಂಪಿ' ಎಂಬ ಮಾತೇ 'ಶಾಂಪೂ' ಆಗಿ ಬಾಟಲಿಯಲ್ಲಿ ತುಂಬಿ ಮರಳಿ ಬಂದಿದೆ.

ಲೇಬಲ್ಲಿನ ಮೂಲೆಗಳು

ಈಗ ಡಬ್ಬಿಯನ್ನು ತಿರುಗಿಸಿರಿ. ನಮ್ಮ ದೇಶದಲ್ಲಿ ಶೃಂಗಾರ ಸಾಧನಗಳು 1940ರ ಔಷಧ ಮತ್ತು ಶೃಂಗಾರ ಸಾಧನಗಳ ಕಾಯ್ದೆಯ ಅಡಿಯಲ್ಲಿ ಬರುತ್ತವೆ. 2020ರಲ್ಲಿ ಇವುಗಳಿಗಾಗಿಯೇ ಪ್ರತ್ಯೇಕ ನಿಯಮಗಳು ಬಂದವು. ಈ ನಿಯಮಗಳ ಪ್ರಕಾರ ಲೇಬಲ್ಲಿನ ಮೇಲೆ ಕೆಲವು ಸಂಗತಿಗಳು ಇರಲೇಬೇಕು.

'ಮ್ಯಾನ್ಯುಫ್ಯಾಕ್ಚರ್ಡ್ ಬೈ' ಎಂದರೆ ತಯಾರಿಸಿದವರು. ಇದರ ಮುಂದೆ ಹೆಸರು, ವಿಳಾಸ ಇರಬೇಕು. 'ಎಂ-ಎಫ್-ಜಿ ಲೈಸೆನ್ಸ್ ನಂಬರ್' ತಯಾರಿಕೆಗೆ ಸರಕಾರ ಕೊಟ್ಟ ಪರವಾನಿಗೆಯ ಸಂಖ್ಯೆ. 'ಬ್ಯಾಚ್ ನಂಬರ್' ಯಾವ ತಂಡದಲ್ಲಿ ತಯಾರಾಯಿತು ಎಂಬ ಗುರುತು. ದೂರು ಕೊಡುವಾಗ ಇದು ಬೇಕಾಗುತ್ತದೆ. 'ಇಂಪೋರ್ಟೆಡ್ ಬೈ' ಎಂದರೆ ಪರದೇಶದಿಂದ ತರಿಸಿದವರು. ಪರದೇಶದ ಮಾಲು ಎಂದು ಹೇಳಿ, ತರಿಸಿದವರ ಹೆಸರು ಮತ್ತು ನೋಂದಣಿ ಸಂಖ್ಯೆ ಇಲ್ಲದಿದ್ದರೆ ಅದು ಕಾನೂನಿನ ದಾರಿಯಿಂದ ಬಂದದ್ದಲ್ಲ.

'ಯೂಸ್ ಬಿಫೋರ್', 'ಎಕ್ಸ್‌ಪೈರಿ' ಎಂದರೆ ಈ ದಿನಾಂಕದೊಳಗೆ ಬಳಸಿ ಮುಗಿಸಬೇಕು. ಕೆಲವು ಡಬ್ಬಿಗಳ ಮೇಲೆ ಮುಚ್ಚಳ ತೆರೆದ ಡಬ್ಬಿಯ ಸಣ್ಣ ಚಿತ್ರವಿದ್ದು, ಅದರಲ್ಲಿ '6 ಎಂ' ಅಥವಾ '12 ಎಂ' ಎಂದಿರುತ್ತದೆ. ಮುಚ್ಚಳ ತೆರೆದ ಮೇಲೆ ಆರು ತಿಂಗಳು ಅಥವಾ ಹನ್ನೆರಡು ತಿಂಗಳು ಮಾತ್ರ ಎಂದು ಅದರ ಅರ್ಥ.

'ಇನ್‌ಗ್ರೀಡಿಯಂಟ್ಸ್' ಎಂಬುದು ಎಲ್ಲಕ್ಕಿಂತ ಮುಖ್ಯ ಪದ. ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇದರ ಮುಂದೆ ಇರುತ್ತದೆ. ಶೇಕಡಾ ಒಂದಕ್ಕಿಂತ ಹೆಚ್ಚು ಇರುವ ಪದಾರ್ಥಗಳನ್ನು ಹೆಚ್ಚಿನದು ಮೊದಲು, ಕಡಿಮೆಯದು ಆಮೇಲೆ ಎಂಬ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಡಬ್ಬಿಯ ಮುಂದೆ ಕೇಸರಿ, ಬಾದಾಮಿ, ಲೋಳಸರದ ಚಿತ್ರ ಹಾಕಿ, ಹಿಂದಿನ ಪಟ್ಟಿಯಲ್ಲಿ ಅವುಗಳ ಹೆಸರು ಕೊನೆಯ ಸಾಲಿನಲ್ಲಿದ್ದರೆ ಒಳಗೆ ಎಷ್ಟು ಕೇಸರಿ ಇದೆಯೆಂದು ನೀವೇ ಅಂದಾಜು ಮಾಡಬಹುದು. ತೀರ ಸಣ್ಣ ಪ್ಯಾಕುಗಳಿಗೆ, ಅಂದರೆ 30 ಗ್ರಾಂಗಿಂತ ಕಡಿಮೆ ಕ್ರೀಮು, 60 ಮಿಲಿಲೀಟರಿಗಿಂತ ಕಡಿಮೆ ದ್ರವ ಇರುವವುಗಳಿಗೆ, ಈ ಪಟ್ಟಿಯಿಂದ ವಿನಾಯಿತಿ ಇದೆ. ನಮ್ಮ ಹಳ್ಳಿಗಳಲ್ಲಿ ಹೆಚ್ಚು ಮಾರಾಟವಾಗುವುದು ಸಣ್ಣ ಪ್ಯಾಕುಗಳೇ ಎಂಬುದನ್ನು ನೆನಪಿಡಿ. ಅಂಥಲ್ಲಿ ತಯಾರಕರ ವಿಳಾಸ, ಪರವಾನಿಗೆ ಸಂಖ್ಯೆಗಳನ್ನಾದರೂ ನೋಡಿಯೇ ಕೊಳ್ಳಬೇಕು.

ಸಾಬೂನಿನ ಮೇಲೆ 'ಟಿ-ಎಫ್-ಎಂ' ಎಂದಿರುತ್ತದೆ. ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನಂಶದ ಅಳತೆ ಇದು. ಶೇಕಡಾ 76ಕ್ಕಿಂತ ಮೇಲಿದ್ದರೆ ಮೊದಲ ದರ್ಜೆ, 70ಕ್ಕಿಂತ ಮೇಲಿದ್ದರೆ ಎರಡನೆಯದು, 60ಕ್ಕಿಂತ ಮೇಲಿದ್ದರೆ ಮೂರನೆಯದು. ಇವು 'ಟಾಯ್ಲೆಟ್ ಸೋಪ್' ಎನಿಸಿಕೊಳ್ಳುತ್ತವೆ. ಇಲ್ಲಿ 'ಟಾಯ್ಲೆಟ್' ಎಂದರೆ ಪಾಯಖಾನೆಯಲ್ಲ. ಮೈ ತೊಳೆದು ಸಿಂಗರಿಸಿಕೊಳ್ಳುವುದು ಎಂಬ ಹಳೆಯ ಅರ್ಥ.

ಕ್ರೀಮೋ, ಔಷಧವೋ?

ಈ ಪಾಠದ ತಿರುಳು ಇಲ್ಲಿದೆ. ಕಾಸ್ಮೆಟಿಕ್ ಎಂದರೆ ಚೊಕ್ಕಟ ಮಾಡಲು, ಅಂದ ಹೆಚ್ಚಿಸಲು ಮೇಲಿಂದ ಹಚ್ಚುವ ವಸ್ತು. ಔಷಧ ಎಂದರೆ ರೋಗಕ್ಕಾಗಿ, ಲೆಕ್ಕ ಹಾಕಿದ ದಿನಗಳ ಮಟ್ಟಿಗೆ ಕೊಡುವ ವಸ್ತು. ಎರಡೂ ಒಂದೇ ತರಹದ ಟ್ಯೂಬಿನಲ್ಲಿ ಬರುತ್ತವೆ, ಎರಡಕ್ಕೂ 'ಕ್ರೀಮ್' ಎಂದೇ ಹೆಸರು. ಅನಾಹುತ ಹುಟ್ಟುವುದು ಈ ಒಂದೇ ಹೆಸರಿನಿಂದ.

ಒಂದು ಉದಾಹರಣೆ ತೆಗೆದುಕೊಳ್ಳಿ. ಹುಡುಗಿಯೊಬ್ಬಳಿಗೆ ಕೆನ್ನೆಯ ಮೇಲೆ ಬಂಗು ಬಂದಿದೆ. ಗೆಳತಿ ಹೇಳಿದ ಟ್ಯೂಬನ್ನು ಔಷಧ ಅಂಗಡಿಯಿಂದ ತರಿಸಿ ಹಚ್ಚುತ್ತಾಳೆ. ಎರಡು ವಾರದಲ್ಲಿ ಕಲೆ ಮಾಯ, ಮುಖ ತಿಳಿಯಾಗುತ್ತದೆ. ಮನೆಯವರೆಲ್ಲ ಮೆಚ್ಚುತ್ತಾರೆ, ಅಕ್ಕ, ಅತ್ತಿಗೆಯರೂ ಅದನ್ನೇ ತರಿಸುತ್ತಾರೆ. ತಿಂಗಳುಗಟ್ಟಲೆ ಹಚ್ಚಿದ ಮೇಲೆ ಬಿಸಿಲಿಗೆ ಹೋದರೆ ಮುಖ ಉರಿಯತೊಡಗುತ್ತದೆ. ಚರ್ಮ ತೆಳುವಾಗಿ ಒಳಗಿನ ಕೆಂಪು ನರಗಳು ಕಾಣುತ್ತವೆ. ಮೊಡವೆಗಳು ಏಳುತ್ತವೆ, ಕೆನ್ನೆಯ ಮೇಲೆ ಸಣ್ಣ ಕೂದಲು ಬೆಳೆಯುತ್ತದೆ. ಕ್ರೀಮು ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ. ಮತ್ತೆ ಹಚ್ಚಿದರೆ ತಂಪಾಗುತ್ತದೆ. ಹೀಗೆ ಬಿಡಲಾಗದ ಚಟವಾಗುತ್ತದೆ. ವೈದ್ಯರು ಇದನ್ನು ಸ್ಟೆರಾಯ್ಡಿನಿಂದ ಕೆಟ್ಟ ಮುಖ ಎನ್ನುತ್ತಾರೆ. 2011ರಲ್ಲಿ ಪ್ರಕಟವಾದ ಭಾರತದ 12 ಕೇಂದ್ರಗಳ ಚರ್ಮವೈದ್ಯರ ಅಧ್ಯಯನದಲ್ಲಿ, ಮುಖದ ತೊಂದರೆಗೆಂದು ಬಂದ 2926 ರೋಗಿಗಳ ಪೈಕಿ 433 ಮಂದಿ ಮುಖಕ್ಕೆ ಸ್ಟೆರಾಯ್ಡ್ ಹಚ್ಚುತ್ತಿದ್ದುದು ಕಂಡುಬಂದಿತ್ತು. ಏಳು ಜನರಲ್ಲಿ ಒಬ್ಬರು ಎಂದಾಯಿತು.

ಇಂಥ ಟ್ಯೂಬನ್ನು ಗುರುತಿಸಲು ನಾಲ್ಕು ಗುರುತುಗಳಿವೆ.

1. ಟ್ಯೂಬಿನ ಎಡಬದಿಯಲ್ಲಿ ಮೇಲಿಂದ ಕೆಳಗೆ ಕೆಂಪು ಗೆರೆ. ಅಕ್ಷರ ಬಾರದವರೂ ಇದನ್ನು ನೋಡಬಹುದು. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು ಎಂಬ ಗುರುತು ಇದು.

2. ಹೆಸರಿನ ಹತ್ತಿರ 'ಆರ್-ಎಕ್ಸ್' ಎಂಬ ಜೋಡಿ ಅಕ್ಷರ. 'ಪ್ರಿಸ್ಕ್ರಿಪ್ಶನ್', ಅಂದರೆ ವೈದ್ಯರ ಚೀಟಿ ಬೇಕು ಎಂದು ಅರ್ಥ.

3. 'ಷೆಡ್ಯೂಲ್ ಎಚ್' ಎಂಬ ಮಾತು. ಹಚ್ಚುವ ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರಕಾರ 2018ರಲ್ಲಿ ನಿಯಮವನ್ನು ಬಿಗಿಗೊಳಿಸಿತು.

4. ಪದಾರ್ಥದ ಹೆಸರಿನ ಬಾಲ. ಬೀಟಾಮೆಥಾಸೋನ್, ಮೊಮೆಟಾಸೋನ್, ಡೆಕ್ಸಾಮೆಥಾಸೋನ್ ಇವೆಲ್ಲ 'ಸೋನ್' ಎಂದು, ಅಂದರೆ ಎಸ್-ಒ-ಎನ್-ಇ ಎಂಬ ನಾಲ್ಕು ಅಕ್ಷರಗಳಿಂದ ಮುಗಿಯುತ್ತವೆ. ಕ್ಲೋಬೆಟಾಸೋಲ್, ಫ್ಲುವೋಸಿನೋಲೋನ್ ಎಂಬ ಹೆಸರುಗಳೂ ಇದೇ ಮನೆತನದವು. ಕ್ಲೋಬೆಟಾಸೋಲ್ ಇವುಗಳಲ್ಲಿ ಅತ್ಯಂತ ಬಲವಾದದ್ದು, ಮುಖಕ್ಕೆ ಹಚ್ಚುವಂಥದ್ದಲ್ಲ.

ಬಂಗಿಗೆ ಕೊಡುವ ಕೆಲವು ಔಷಧಗಳಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಮತ್ತು ಒಂದು ಸ್ಟೆರಾಯ್ಡ್ ಹೀಗೆ ಮೂರು ಪದಾರ್ಥಗಳು ಸೇರಿರುತ್ತವೆ. ವೈದ್ಯರು ಇದನ್ನು ರಾತ್ರಿ ಹೊತ್ತು, ಕೆಲವು ವಾರಗಳ ಮಟ್ಟಿಗೆ ಬರೆದುಕೊಡುತ್ತಾರೆ. ಅದೇ ಚೀಟಿಯನ್ನು ಹಿಡಿದು ವರ್ಷಗಟ್ಟಲೆ ಕೊಳ್ಳುವುದು, ನೆರೆಮನೆಯವರಿಗೆ ಕೊಡುವುದು ಸಲ್ಲದು. ಗರ್ಭಿಣಿಯರು ಟ್ರೆಟಿನೋಯಿನ್ ಇರುವ ಯಾವ ಕ್ರೀಮನ್ನೂ ಹಚ್ಚಬಾರದು.

ಗಜಕರ್ಣಕ್ಕೂ ಇದೇ ಮಾತು. ಸ್ಟೆರಾಯ್ಡ್ ಸೇರಿದ ಮುಲಾಮು ಹಚ್ಚಿದರೆ ತಿಂಡಿ ಎರಡೇ ದಿನದಲ್ಲಿ ನಿಲ್ಲುತ್ತದೆ, ಆದರೆ ಶಿಲೀಂಧ್ರ ಒಳಗೊಳಗೇ ಹರಡಿ ಮನೆಮಂದಿಗೆಲ್ಲ ಅಂಟುತ್ತದೆ.

ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಟ್ಯೂಬನ್ನು ಕೈಯಲ್ಲಿ ಹಿಡಿದು ಚರ್ಮವೈದ್ಯರ ಬಳಿ ಹೋಗಿರಿ. ಹೇಗೆ ಬಿಡಬೇಕು, ಬಿಟ್ಟಾಗ ಬರುವ ಉರಿಗೆ ಏನು ಹಚ್ಚಬೇಕು ಎಂಬುದನ್ನು ಅವರು ಹೇಳುತ್ತಾರೆ. ಸಮಯ ಹಿಡಿಯುತ್ತದೆ, ಆದರೆ ಬಹಳಷ್ಟು ಮುಖಗಳು ಸುಧಾರಿಸುತ್ತವೆ.

ಪಾದರಸದ ಅಡ್ಡಹೆಸರುಗಳು

ಇನ್ನೊಂದು ಬಗೆಯ ಬಿಳುಪಿನ ಕ್ರೀಮುಗಳಿವೆ. ಇವುಗಳಲ್ಲಿ ಪಾದರಸದ ಲವಣ ಬೆರೆತಿರುತ್ತದೆ. ಚರ್ಮದ ಬಣ್ಣ ತಯಾರಾಗುವುದನ್ನು ಪಾದರಸ ತಡೆಯುತ್ತದೆ, ಆದ್ದರಿಂದ ಮುಖ ಬೇಗ ಬೆಳ್ಳಗಾಗುತ್ತದೆ. ಆದರೆ ಅದು ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ ವೈದ್ಯರು ಒಂದು ವಿಶೇಷ ಬಗೆಯ ಮೂತ್ರಪಿಂಡದ ಕಾಯಿಲೆಯ 15 ರೋಗಿಗಳನ್ನು ಕಂಡರು. ಅವರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. 2023ರಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಶನ್ ಸೌಂದರ್ಯ' ಎಂಬ ಹೆಸರಿನಲ್ಲಿ ಇಂಥ ಕ್ರೀಮುಗಳ ತಪಾಸಣೆ ನಡೆಸಿತು.

ನಮ್ಮ ದೇಶದಲ್ಲಿ ಕಣ್ಣಿನ ಸುತ್ತ ಬಳಸುವವುಗಳ ಹೊರತು ಬೇರೆ ಶೃಂಗಾರ ಸಾಧನಗಳಲ್ಲಿ ಪಾದರಸ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಹೆಚ್ಚಿರಬಾರದು. ಅದೂ ತಿಳಿಯದೆ ಸೇರಿದ್ದಾಗಿರಬೇಕು. ಬೇಕೆಂದು ಬೆರೆಸುವಂತೆಯೇ ಇಲ್ಲ. ಹೀಗಾಗಿ ಬೆರೆಸುವವರು ಹೆಸರನ್ನು ಬರೆಯುವುದು ಅಪರೂಪ. ಬರೆದರೆ 'ಮರ್ಕ್ಯುರಿ', 'ಮರ್ಕ್ಯುರಸ್ ಕ್ಲೋರೈಡ್', 'ಕ್ಯಾಲೋಮೆಲ್', 'ಅಮೋನಿಯೇಟೆಡ್ ಮರ್ಕ್ಯುರಿ', 'ಮರ್ಕ್ಯುರಿಯೋ' ಎಂದಿರಬಹುದು. ಎಲ್ಲವೂ ಪಾದರಸದ ಬೇರೆ ಬೇರೆ ವೇಷಗಳು.

ಹೆಸರು ಬರೆಯದಿದ್ದರೂ ಒಂದು ಎಚ್ಚರಿಕೆಯ ಮಾತು ಕೆಲವು ಬಾರಿ ಗುಟ್ಟು ಬಿಟ್ಟುಕೊಡುತ್ತದೆ. 'ಅವಾಯ್ಡ್ ಕಾಂಟ್ಯಾಕ್ಟ್ ವಿತ್ ಗೋಲ್ಡ್, ಸಿಲ್ವರ್' ಎಂದಿದ್ದರೆ ಬಂಗಾರ, ಬೆಳ್ಳಿಗೆ ತಾಗಿಸಬೇಡಿ ಎಂದು ಅರ್ಥ. ಪಾದರಸ ಬಂಗಾರಕ್ಕೆ ತಾಗಿದರೆ ಅದನ್ನು ಬಿಳಿಚಿಸುತ್ತದೆ ಎಂಬುದು ಯಾವ ಅಕ್ಕಸಾಲಿಗರನ್ನು ಕೇಳಿದರೂ ಗೊತ್ತು. ಕೊರಳಿನ ತಾಳಿಗೆ ಆಗದ ಕ್ರೀಮು ಕೊರಳಿಗೆ ಆದೀತೆ?

ಕ್ರೀಮು ಹಚ್ಚುವವರಿಗೆ ಬೆಳಿಗ್ಗೆ ಕಣ್ಣಿನ ಕೆಳಗೆ, ಕಾಲಿಗೆ ಬಾವು ಬರುವುದು, ಮೂತ್ರದಲ್ಲಿ ನೊರೆ ನಿಲ್ಲುವುದು ಕಂಡುಬಂದರೆ ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಬೇಕು. ಲೇಬಲ್ ಇಲ್ಲದ ಪುಟ್ಟ ಡಬ್ಬಿಗಳಲ್ಲಿ 'ನೈಟ್ ಕ್ರೀಮ್', 'ಫಾರ್ಮುಲಾ ಕ್ರೀಮ್' ಎಂದು ತುಂಬಿ ಕೊಡುವುದನ್ನು ಯಾರೇ ಕೊಟ್ಟರೂ ಕೊಳ್ಳಬೇಡಿ. ಓದಲು ಅಕ್ಷರವೇ ಇಲ್ಲದ ಡಬ್ಬಿಗೆ ಯಾವ ಇಂಗ್ಲಿಷ್ ಪಾಠವೂ ನೆರವಾಗದು.

ಕೂದಲಿನ ಬಣ್ಣ

'ಹೇರ್ ಡೈ' ಪ್ಯಾಕಿನ ಪಟ್ಟಿಯಲ್ಲಿ 'ಪಿ-ಫಿನೈಲೀನ್‌ಡೈಅಮೀನ್' ಅಥವಾ 'ಪಿ-ಪಿ-ಡಿ' ಎಂಬ ಹೆಸರನ್ನು ಹುಡುಕಿರಿ. ಕೂದಲನ್ನು ಕಪ್ಪಾಗಿಸುವ ಪದಾರ್ಥ ಇದು. ಕೆಲವರ ಮೈಗೆ ಇದು ಒಗ್ಗುವುದಿಲ್ಲ. ತಲೆ, ಹಣೆ, ಕಿವಿಯ ಹಿಂದೆ ತಿಂಡಿ ಎದ್ದು, ನೀರು ಸೋರಿ, ಕಣ್ಣಿನ ರೆಪ್ಪೆ ಬಾತು ಮುಚ್ಚಿಹೋಗುತ್ತದೆ. ಜಾತ್ರೆಗಳಲ್ಲಿ ಹಾಕುವ 'ಬ್ಲ್ಯಾಕ್ ಹೆನ್ನಾ', ಅಂದರೆ ಕಪ್ಪು ಮೆಹಂದಿಯಲ್ಲಿಯೂ ಇದನ್ನು ಬೆರೆಸುವುದುಂಟು. ನಿಜವಾದ ಮದರಂಗಿ ಕೆಂಪೇ ಬಿಡುತ್ತದೆ. ಹಾಕಿದ ಕೂಡಲೇ ಕಪ್ಪಗೆ ಬಿಟ್ಟರೆ ಅದರಲ್ಲಿ ಬೇರೇನೋ ಇದೆ.

ಇಂಥ ಬಣ್ಣದ ಪ್ಯಾಕಿನ ಮೇಲೆ 'ಕಾಶನ್', ಅಂದರೆ ಎಚ್ಚರಿಕೆ ಎಂಬ ಮಾತನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಬರೆಯಬೇಕೆಂದು ಕಾನೂನೇ ಹೇಳುತ್ತದೆ. ಅದರಲ್ಲಿ ಎರಡು ಸಂಗತಿಗಳಿರುತ್ತವೆ. ಒಂದು, ಮೊದಲು ಪರೀಕ್ಷೆ ಮಾಡಿ ಬಳಸಬೇಕು. ಎರಡು, ಹುಬ್ಬಿಗೆ, ರೆಪ್ಪೆಯ ಕೂದಲಿಗೆ ಹಚ್ಚಬಾರದು, ಕಣ್ಣು ಹೋಗಬಹುದು. ಮೀಸೆಗೆ ಹಚ್ಚುವಾಗ ಉಳಿದದ್ದನ್ನು ಹುಬ್ಬಿಗೂ ಒಂದು ಎಳೆ ಎಳೆಯುವ ಗಂಡಸರು ಇದನ್ನು ಎರಡು ಬಾರಿ ಓದಬೇಕು.

ಆ ಪರೀಕ್ಷೆಗೆ 'ಪ್ಯಾಚ್ ಟೆಸ್ಟ್' ಎಂದು ಹೆಸರು. ಕಿವಿಯ ಹಿಂದೆ ಅಥವಾ ಮುಂಗೈಯ ಒಳಬದಿಯಲ್ಲಿ ಸಣ್ಣ ಜಾಗವನ್ನು ಸಾಬೂನಿನಿಂದ ತೊಳೆದು, ಕಲಸಿದ ಬಣ್ಣವನ್ನು ಸ್ವಲ್ಪ ಹಚ್ಚಿ ಆರಲು ಬಿಡಬೇಕು. 24 ತಾಸು ಬಿಟ್ಟು ತೊಳೆದು ನೋಡಬೇಕು. ಕೆಂಪು, ತಿಂಡಿ, ಬಾವು ಇಲ್ಲದಿದ್ದರೆ ಮಾತ್ರ ತಲೆಗೆ ಹಚ್ಚಬಹುದು. ಪ್ರತಿ ಬಾರಿ ಹಚ್ಚುವ ಮುಂಚೆಯೂ ಈ ಪರೀಕ್ಷೆ ಬೇಕು. ಹತ್ತು ವರ್ಷ ಒಗ್ಗಿದ್ದು ಹನ್ನೊಂದನೆಯ ವರ್ಷ ಒಗ್ಗದೆ ಹೋಗಬಹುದು.

'ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ' ಎಂದರೆ ಹೊರಗೆ ಹಚ್ಚಲು ಮಾತ್ರ. 'ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್' ಎಂದರೆ ಮಕ್ಕಳ ಕೈಗೆ ಸಿಗದಂತೆ ಇಡಿ. ಹೇರ್ ಡೈ ಹೊಟ್ಟೆಗೆ ಹೋದರೆ ಕುತ್ತಿಗೆ, ನಾಲಿಗೆ ಬಾತು ಉಸಿರು ಕಟ್ಟುತ್ತದೆ, ಆಮೇಲೆ ಮೂತ್ರಪಿಂಡ ಕೆಡುತ್ತದೆ. ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಕುಂಕುಮ, ಟಿಕಳಿ, ಕಾಡಿಗೆ

ಇವು ನಮ್ಮವೇ ಆದರೂ ಈಗ ಇವುಗಳ ಪ್ಯಾಕಿನ ಮೇಲೂ ಇಂಗ್ಲಿಷ್ ಬಂದಿದೆ. ಹಳೆಯ ಪದ್ಧತಿಯ ಕುಂಕುಮ ಅರಿಸಿನಕ್ಕೆ ಸುಣ್ಣದಂಥ ಕ್ಷಾರ ಬೆರೆಸಿ ಮಾಡಿದ್ದು, ಅರಿಸಿನವೇ ಕೆಂಪಾಗುತ್ತದೆ. ಪೇಟೆಯ ಅಗ್ಗದ ಪುಡಿಯಲ್ಲಿ 'ಸಿಂಥೆಟಿಕ್ ಕಲರ್', ಅಂದರೆ ಕೃತಕ ಬಣ್ಣ ಇರುತ್ತದೆ. ಕೆಲವು ಸಿಂಧೂರಗಳಲ್ಲಿ 'ರೆಡ್ ಲೆಡ್' ಎಂಬ ಸೀಸದ ಪುಡಿ ಇರುವುದುಂಟು. ಹಣೆಯಲ್ಲಿ ಕುಂಕುಮವಿಡುವ ಜಾಗ ಕಪ್ಪಾಗಿ ತಿಂಡಿ ಬರುತ್ತಿದ್ದರೆ ಆ ಪುಡಿಯನ್ನು ಬಿಟ್ಟು ನೋಡಿರಿ.

ಟಿಕಳಿಯ ಹಿಂದಿನ ಅಂಟಿಗೆ 'ಅಡ್ಹೆಸಿವ್' ಎನ್ನುತ್ತಾರೆ. ಕೆಲವು ಅಂಟುಗಳಲ್ಲಿರುವ ಒಂದು ರಾಸಾಯನಿಕ ಚರ್ಮದ ಬಣ್ಣದ ಕಣಗಳನ್ನು ಕೊಂದು ಅಷ್ಟೇ ಜಾಗದಲ್ಲಿ ಬಿಳಿ ಕಲೆ ಮಾಡುತ್ತದೆ. ಇದು ತೊನ್ನು ರೋಗ ಅಂಟಿದ್ದಲ್ಲ, ಹೆಣ್ಣಿನ ದೋಷವೂ ಅಲ್ಲ. ಆ ಟಿಕಳಿ ಬಿಟ್ಟು ಬೇಗ ವೈದ್ಯರಿಗೆ ತೋರಿಸಬೇಕು. ಯಾವುದೇ ಟಿಕಳಿಯನ್ನು ರಾತ್ರಿ ತೆಗೆದಿಟ್ಟು ಮಲಗುವುದು ಒಳ್ಳೆಯದು.

ಸುರ್ಮಾದ ಮೇಲೆ 'ಲೆಡ್' ಅಥವಾ 'ಗಲೀನಾ' ಎಂದಿದ್ದರೆ ಅದು ಸೀಸ. ಹಸುಗೂಸುಗಳ ಕಣ್ಣಿಗೆ ಪೇಟೆಯ ಸುರ್ಮಾ, ಕಾಡಿಗೆ ಹಚ್ಚಲೇಬಾರದು. ಮಗು ಕಣ್ಣು ತಿಕ್ಕಿ ಬೆರಳು ಚೀಪುತ್ತದೆ, ಸೀಸ ಹೊಟ್ಟೆಗೆ ಹೋಗುತ್ತದೆ, ಬುದ್ಧಿಯ ಬೆಳವಣಿಗೆಗೆ ಅದು ಶತ್ರು. ದೃಷ್ಟಿಬೊಟ್ಟು ಬೇಕೇ ಬೇಕೆಂದರೆ ಮನೆಯಲ್ಲಿ ದೀಪದಿಂದ ಹಿಡಿದ ಕಾಡಿಗೆಯನ್ನು ಅಂಗಾಲಿಗೆ ಇಟ್ಟರಾಯಿತು.

ಹೊಗಳಿಕೆಯ ಪದಗಳು

'ಹರ್ಬಲ್', 'ನ್ಯಾಚುರಲ್' ಎಂದರೆ ಗಿಡಮೂಲಿಕೆ, ನಿಸರ್ಗದ್ದು ಎಂದು ಅರ್ಥ. ಅದರಿಂದ ಅಪಾಯವಿಲ್ಲ ಎಂಬ ಅರ್ಥ ಬರುವುದಿಲ್ಲ; ಗೇರು ಎಣ್ಣೆಯೂ ನಿಸರ್ಗದ್ದೇ. 'ಡರ್ಮಟಾಲಜಿಕಲಿ ಟೆಸ್ಟೆಡ್' ಎಂದರೆ ಚರ್ಮದ ಮೇಲೆ ಪರೀಕ್ಷಿಸಿದ್ದಾರೆ ಎಂದಷ್ಟೇ. ಫಲ ಏನಾಯಿತೆಂದು ಅದು ಹೇಳುವುದಿಲ್ಲ. 'ಹೈಪೋಅಲರ್ಜೆನಿಕ್' ಎಂದರೆ ಅಲರ್ಜಿ ಕಡಿಮೆ ಎಂದು, ಇಲ್ಲವೇ ಇಲ್ಲ ಎಂದಲ್ಲ. 'ನಾನ್-ಕಾಮೆಡೋಜೆನಿಕ್' ಎಂದರೆ ರಂಧ್ರ ಮುಚ್ಚದ್ದು. ಮೊಡವೆ ಇದ್ದವರು ಈ ಪದವಿರುವುದನ್ನೇ ಆರಿಸಬಹುದು. 'ಫ್ರಾಗ್ರೆನ್ಸ್', 'ಪರ್ಫ್ಯೂಮ್' ಎಂದರೆ ಸುವಾಸನೆ. ಸೂಕ್ಷ್ಮ ಚರ್ಮದವರಿಗೆ ಇದೇ ಹೆಚ್ಚಾಗಿ ತೊಂದರೆ ಕೊಡುತ್ತದೆ.

'ಎಸ್-ಪಿ-ಎಫ್' ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ. 30 ಎಂದಿದ್ದರೆ, ಸರಿಯಾಗಿ ದಪ್ಪನೆ ಹಚ್ಚಿದಾಗ, ಚರ್ಮ ಸುಡುವ ಕಿರಣಗಳಲ್ಲಿ ಮೂವತ್ತರಲ್ಲಿ ಒಂದು ಪಾಲು ಮಾತ್ರ ಒಳಗಿಳಿಯುತ್ತದೆ. ಬೆವರಿದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಕಬ್ಬು ಕಡಿಯುವವರಿಗೆ, ತಂಬಾಕಿನ ಹೊಲದಲ್ಲಿ ದುಡಿಯುವವರಿಗೆ ಇದರ ವೆಚ್ಚ ಕೈಗೆಟುಕುವುದು ಕಷ್ಟ. ತಲೆ, ಕೆನ್ನೆ ಮುಚ್ಚುವಂತೆ ಸೆರಗು ಅಥವಾ ಟವೆಲ್ಲು ಸುತ್ತಿಕೊಳ್ಳುವ ನಮ್ಮ ಹೆಣ್ಣುಮಕ್ಕಳ ರೂಢಿ ಬಂಗನ್ನು ತಡೆಯಲು ಒಳ್ಳೆಯ ಉಪಾಯವೇ.

ವೈದ್ಯರ ಮುಂದೆ ಹೇಳುವ ಪದಗಳು

ನಮ್ಮ ಗಡಿಭಾಗದವರು ಬೆಳಗಾವಿಗೆ ಹೋಗುವಷ್ಟೇ ಮಿರಜ, ಸಾಂಗಲಿ, ಕೊಲ್ಲಾಪುರಕ್ಕೂ ಹೋಗುತ್ತಾರೆ. ಅಲ್ಲಿಯ ವೈದ್ಯರಿಗೆ ಕನ್ನಡ ಬಾರದಿರಬಹುದು. ಬೆಂಗಳೂರಿನ ಕಡೆಯಿಂದ ಬಂದ ವೈದ್ಯರಿಗೆ 'ತಿಂಡಿ ಬಹಳ ಆಗ್ಯಾದ' ಎಂದರೆ ನಾಷ್ಟಾ ಹೆಚ್ಚಾಯಿತು ಎಂದು ತಿಳಿದುಕೊಂಡಾರು. ಈ ಕೆಲವು ಪದಗಳು ಎಲ್ಲ ಕಡೆ ನಡೆಯುತ್ತವೆ:

ತಿಂಡಿ, ತುರಿಕೆ: 'ಇಚಿಂಗ್'
ಉರಿ: 'ಬರ್ನಿಂಗ್'
ದದ್ದು: 'ರ‍್ಯಾಶ್'
ಬಾವು: 'ಸ್ವೆಲ್ಲಿಂಗ್'
ಸಿಪ್ಪೆ ಏಳುವುದು: 'ಪೀಲಿಂಗ್'
ಮೊಡವೆ: 'ಪಿಂಪಲ್', ವೈದ್ಯರ ಮಾತಿನಲ್ಲಿ 'ಆಕ್ನೆ'
ಬಂಗು: 'ಮೆಲಾಸ್ಮಾ'
ಬಿಳಿ ಕಲೆ: 'ವೈಟ್ ಪ್ಯಾಚ್'
ಕಪ್ಪು ಕಲೆ: 'ಡಾರ್ಕ್ ಪ್ಯಾಚ್'

ಇವುಗಳ ಜೊತೆ ಮೂರು ಸಂಗತಿ ಹೇಳಬೇಕು: ಯಾವಾಗಿನಿಂದ, ಏನು ಹಚ್ಚಿದ ಮೇಲೆ, ಎಷ್ಟು ದಿನ ಹಚ್ಚಿದಿರಿ. ಅನೇಕರು ಬೈಸಿಕೊಳ್ಳುವ ಅಂಜಿಕೆಯಿಂದ ಟ್ಯೂಬನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. ಹಾಗೆ ಮಾಡಬೇಡಿ. ಖಾಲಿಯಾಗಿದ್ದರೂ ತನ್ನಿರಿ. ನಿಮ್ಮ ಬಾಯಿಂದ ಬಾರದ ಇಂಗ್ಲಿಷನ್ನು ಆ ಟ್ಯೂಬೇ ಹೇಳುತ್ತದೆ.

ಔಷಧದಿಂದ ಆದ ದುಷ್ಪರಿಣಾಮವನ್ನು 1800-180-3024 ಎಂಬ ಉಚಿತ ಸಂಖ್ಯೆಗೆ ತಿಳಿಸಬಹುದು. ಮಾರಾಟದ ಬಗೆಗಿನ ದೂರನ್ನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕೊಡಬಹುದು. ರಸೀದಿ ಮತ್ತು ಬ್ಯಾಚ್ ನಂಬರು ಜೊತೆಗಿರಲಿ.

ಈ ವಾರದ ಅಭ್ಯಾಸ

1. ಟ್ಯೂಬಿನ ಎಡಕ್ಕೆ ಕೆಂಪು ಗೆರೆ ಇದೆ. ಒಳಗಿರುವುದು ಮೊಮೆಟಾಸೋನ್, ಹೈಡ್ರೋಕ್ವಿನೋನ್, ಟ್ರೆಟಿನೋಯಿನ್. ಇದು ಕಾಸ್ಮೆಟಿಕ್ಕೋ, ಔಷಧವೋ?

2. ಡಬ್ಬಿಯ ಮೇಲೆ 'ವೈಟ್ನಿಂಗ್ ನೈಟ್ ಕ್ರೀಮ್' ಎಂದಿದೆ. ತಯಾರಕರ ವಿಳಾಸವಿಲ್ಲ. ಬಂಗಾರಕ್ಕೆ ತಾಗಿಸಬೇಡಿ ಎಂದಿದೆ. ಏನಿರಬಹುದು?

3. ಕಳೆದ ತಿಂಗಳು ಹಚ್ಚಿದ ಹೇರ್ ಡೈ ಒಗ್ಗಿತ್ತು. ಈ ತಿಂಗಳು ಪ್ಯಾಚ್ ಟೆಸ್ಟ್ ಬೇಕೇ?

4. ಕ್ರೀಮಿನ ಮೇಲೆ 'ಹರ್ಬಲ್' ಎಂದಿದೆ, 'ಇನ್‌ಗ್ರೀಡಿಯಂಟ್ಸ್' ಪಟ್ಟಿಯ ಕೊನೆಗೆ ಬೇವಿನ ಹೆಸರಿದೆ. ಬೇವು ಎಷ್ಟಿದೆ?

ಉತ್ತರಗಳು: 1. ಔಷಧ, ವೈದ್ಯರ ಚೀಟಿಯಿಲ್ಲದೆ, ಅವರು ಹೇಳಿದ ದಿನ ಮೀರಿ ಹಚ್ಚಬಾರದು. 2. ಪಾದರಸ ಇರಬಹುದು, ಕೊಳ್ಳಬಾರದು. 3. ಬೇಕು, ಪ್ರತಿ ಬಾರಿಯೂ. 4. ತೀರ ಕಡಿಮೆ.

ನಾಲ್ಕಕ್ಕೂ ಸರಿಯುತ್ತರ ಹೇಳಿದವರು ಮನೆಯ ಕನ್ನಡಿಯ ಹಿಂದೆ, ಟ್ರಂಕಿನಲ್ಲಿ ಇರುವ ಡಬ್ಬಿ, ಟ್ಯೂಬುಗಳನ್ನೆಲ್ಲ ಹೊರಗೆ ತೆಗೆದು ಒಂದೊಂದಾಗಿ ಓದಿರಿ. ಅವಧಿ ಮೀರಿದ್ದನ್ನು, ವಿಳಾಸವಿಲ್ಲದ್ದನ್ನು ಎಸೆಯಿರಿ. ಕೆಂಪು ಗೆರೆ ಇರುವುದನ್ನು ತೆಗೆದಿಟ್ಟು, ಯಾರು ಎಷ್ಟು ದಿನದಿಂದ ಹಚ್ಚುತ್ತಿದ್ದಾರೆಂದು ಕೇಳಿ ವೈದ್ಯರಿಗೆ ತೋರಿಸಿರಿ.